ಹನ್ನೊಂದು ನಳಿಗೆ ಮಳೆ, ಎರಡು ಕೊಡ ನೀರು

2019ರ ಆಗಸ್ಟ್ 6ರ ಬೆಳಿಗ್ಗೆ ಎಂಟೂವರೆಗೆ ನಾನು ಖಾನಾಪುರ ತಾಲ್ಲೂಕಿನ ಜಾಂಬೋಟಿ ಭಾಗದ ನಮ್ಮ ಶಾಲೆಯ ಅಂಗಳದಲ್ಲಿ, ಕೊಡೆಯ ಹಿಡಿಯನ್ನು ಕುತ್ತಿಗೆ ಮತ್ತು ಭುಜದ ನಡುವೆ ಅವುಚಿಕೊಂಡು, ಮಳೆಮಾಪಕದ ನೀರನ್ನು ಗಾಜಿನ ಅಳತೆ ನಳಿಗೆಗೆ ಸುರಿದು ಅಳೆಯುತ್ತಿದ್ದೆ. ಆ ನಳಿಗೆಯಲ್ಲಿ ಒಮ್ಮೆಗೆ ಹಿಡಿಯುವುದು 20 ಮಿಲಿಮೀಟರ್ ಮಳೆ ಮಾತ್ರ. ಸಾಧಾರಣ ಮಳೆಗಾಲದ ದಿನದಲ್ಲಿ ಎರಡೋ ಮೂರೋ ಸಲ ತುಂಬಿ ಚೆಲ್ಲಿದರೆ ಕೆಲಸ ಮುಗಿಯುತ್ತಿತ್ತು. ಅಂದು ಹನ್ನೊಂದು ಸಲ ತುಂಬಿತು. ನಡುವೆ ಲೆಕ್ಕ ತಪ್ಪಬಾರದೆಂದು ಒಂದೊಂದು ನಳಿಗೆಗೆ ಒಂದೊಂದು ಗೋಲಿಗಲ್ಲನ್ನು ಕಟ್ಟೆಯ ಮೇಲೆ ಇಡುತ್ತಾ ಹೋದೆ. ಇಪ್ಪತ್ನಾಲ್ಕು ಗಂಟೆಗಳಲ್ಲಿ 204.5 ಮಿಲಿಮೀಟರ್ ದಾಟಿದ ಮಳೆಯನ್ನು ಹವಾಮಾನ ಇಲಾಖೆಯವರು ಎಲ್ಲಕ್ಕಿಂತ ಮೇಲಿನ, ಕೊನೆಯ ವರ್ಗದಲ್ಲಿ ಸೇರಿಸುತ್ತಾರೆ. ಅದರಾಚೆಗೆ ಬೇರೆ ಹೆಸರಿಲ್ಲ. ನಮ್ಮ ಅಂಗಳದ ಮಳೆ ಆ ಗೆರೆಯನ್ನು ದಾಟಿತ್ತು.

ನಾನು ಹುಟ್ಟಿ ಬೆಳೆದದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ನೌಕರಿ ಸಿಕ್ಕದ್ದು ಮಲಪ್ರಭೆ ಹುಟ್ಟುವ ಕಣಕುಂಬಿಯ ಹತ್ತಿರದ ಈ ಕಾಡಿನ ಸೀಮೆಯಲ್ಲಿ. ವರ್ಷಕ್ಕೆ ಆರು ನೂರು ಮಿಲಿಮೀಟರ್ ಮಳೆಯಾದರೆ ದೊಡ್ಡದೆನ್ನುವ ಊರಿನಿಂದ ಬಂದವಳಿಗೆ, ಅಷ್ಟು ಮಳೆ ಒಂದೇ ವಾರದಲ್ಲಿ ಬೀಳಬಹುದಾದ ಜಾಗದಲ್ಲಿ ಬದುಕುವುದನ್ನು ಕಲಿಯಲು ಕೆಲವು ವರ್ಷಗಳೇ ಬೇಕಾದವು. ಮಕ್ಕಳಿಗೆ ಭೂಗೋಳ ಹೇಳಿಕೊಡಲು ಮಳೆಮಾಪಕವನ್ನೂ ತಾಪಮಾಪಕವನ್ನೂ ತರಿಸಿಕೊಂಡೆ. ದಿನವೂ ಬರೆದಿಡುವ ಒಂದು ದಪ್ಪ ರಿಜಿಸ್ಟರ್ ಮಾಡಿದೆ. ಆ ವಾರ ರಿಜಿಸ್ಟರಿನ ತಾಪಮಾನದ ಕಾಲಂನಲ್ಲಿ ಹಗಲಿನ ಗರಿಷ್ಠ 22, ರಾತ್ರಿಯ ಕನಿಷ್ಠ 20 ಎಂದು ಒಂದೇ ಸಮನೆ ಬರೆಯುತ್ತಾ ಹೋಗಿದ್ದೇನೆ. ಹಗಲಿಗೂ ರಾತ್ರಿಗೂ ಎರಡೇ ಡಿಗ್ರಿ ಅಂತರ. ಸೂರ್ಯನನ್ನು ಕಂಡು ಹತ್ತು ದಿನವಾಗಿತ್ತು. ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿಯೂ ಒಣಗದೆ ಹೊಗೆಯ ವಾಸನೆ ಹಿಡಿದಿತ್ತು. ಹಾಜರಿ ಪುಸ್ತಕದ ರಟ್ಟಿಗೆ ಬೂಷ್ಟು ಬಂದಿತ್ತು.

ಅದೇ ದಿನ ಸಂಜೆ, ಎಷ್ಟೋ ಹೊತ್ತಿನ ಮೇಲೆ ಮೊಬೈಲಿಗೆ ಸಿಗ್ನಲ್ ಸಿಕ್ಕಾಗ, ಅಣ್ಣನ ಫೋನು ಬಂತು.

"ಅಲ್ಲಿ ಮಳಿ ಹೆಂಗೈತಿ ಯವ್ವಾ?"

"ಹನ್ನೊಂದು ನಳಿಗಿ ಆತು ಅಣ್ಣಾ. ನಿಮ್ಮ ಕಡೆ?"

"ನಮ್ಮ ಕಡೆ ಏನೈತಿ. ಗಾಳಿ ಬೀಸತೈತಿ. ಮೋಡ ತೆಲಿ ಮ್ಯಾಲೆ ಹಾದು ಓಡತಾವ, ನಿಂದ್ರೂದಿಲ್ಲ."

ಎರಡು ವರ್ಷದ ಹಿಂದೆ ನಾನು ಕೊಟ್ಟುಬಂದ ತಾಪಮಾಪಕವನ್ನು ಅವನು ಪಡಸಾಲೆಯ ಕಂಬಕ್ಕೆ ಕಟ್ಟಿದ್ದ. ಮಧ್ಯಾಹ್ನ ಎರಡಕ್ಕೆ ನೆರಳಿನಲ್ಲಿ 33 ಇತ್ತೆಂದು ಹೇಳಿದ. ಫೋನಿಟ್ಟ ಮೇಲೆ ನಾನು ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಒಂದು ಲೆಕ್ಕ ಹಾಕಿದೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು. ಆ ಒಂದು ದಿನದ 220 ಮಿಲಿಮೀಟರ್ ಮಳೆಯಿಂದ ನಮ್ಮ ಶಾಲೆಯ ಸುತ್ತಲಿನ ಒಂದೊಂದು ಎಕರೆಯ ಮೇಲೆ ಬಿದ್ದದ್ದು ಹತ್ತಿರ ಹತ್ತಿರ 8 ಲಕ್ಷ 90 ಸಾವಿರ ಲೀಟರ್. ನಮ್ಮೂರಿಗೆ ಆಗ ಕುಡಿಯುವ ನೀರು ತರುತ್ತಿದ್ದ ಟ್ಯಾಂಕರಿನಲ್ಲಿ ಹಿಡಿಯುತ್ತಿದ್ದದ್ದು 5,000 ಲೀಟರ್. ಒಂದು ಎಕರೆಗೆ 178 ಟ್ಯಾಂಕರ್. ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು, ಅದನ್ನು ಅಣ್ಣನಿಗೆ ಹೇಳಲಾರದೆ ಸುಮ್ಮನಾದೆ.

ತಂಗಿಯ ಸಂಗತಿ ಇವೆರಡಕ್ಕಿಂತಲೂ ಬೇರೆಯಾಗಿತ್ತು. ಅವಳನ್ನು ಕೊಟ್ಟಿರುವುದು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಒಂದು ಊರಿಗೆ. ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ, ಅಳ್ಳು, ಜೋಕಾಲಿ ಇಲ್ಲದೆ ಶ್ರಾವಣ ಮಾಸ ಹೊಸ್ತಿಲು ದಾಟುವುದಿಲ್ಲ. ಮಳೆಯಿಂದ ರಸ್ತೆಗಳೆಲ್ಲ ಕೆಟ್ಟಿದ್ದರಿಂದ ನಾನು ಹೋಗಲಾಗಲಿಲ್ಲ. ಅವಳು ಎರಡು ಮಕ್ಕಳನ್ನು ಕರೆದುಕೊಂಡು 3ನೆಯ ತಾರೀಕಿಗೇ ಊರು ಸೇರಿದ್ದಳು. ಗಂಡ ಎಮ್ಮೆಗಳನ್ನು ನೋಡಿಕೊಳ್ಳಲು ಮನೆಯಲ್ಲಿಯೇ ಉಳಿದಿದ್ದರು. ಹಬ್ಬ ಮುಗಿದು ಅವಳು ಹೊರಡಬೇಕೆನ್ನುವಷ್ಟರಲ್ಲಿ ಘಟಪ್ರಭೆ ಊರೊಳಗೆ ನುಗ್ಗಿತು. ರಾತ್ರೋರಾತ್ರಿ ಅವಳ ಗಂಡ ದನಗಳನ್ನು ಬಿಚ್ಚಿಕೊಂಡು ಗುಡಿಯ ದಿಬ್ಬಕ್ಕೆ ಹೋದರು. ಮನೆಯೊಳಗೆ ಕಿಟಕಿಯ ಮೇಲಿನವರೆಗೂ ನೀರು ಏರಿ, ಐದು ದಿನ ಇಳಿಯಲಿಲ್ಲ.

ಮುಧೋಳದ ಕಡೆ ಆ ವಾರ ಬಿದ್ದದ್ದು ಬರೀ ಜಿಟಿಜಿಟಿ ಮಳೆ ಎಂದು ಅವಳ ಗಂಡ ಹೇಳುತ್ತಿದ್ದರು. ಮನೆ ಮುಳುಗಿಸಿದ ನೀರು ಅಲ್ಲಿಯದಲ್ಲ. ಸಹ್ಯಾದ್ರಿಯ ಅಂಚಿನಲ್ಲಿ ಸುರಿದು, 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯ ತುಂಬಿದ ಮೇಲೆ, ಹಿರಣ್ಯಕೇಶಿಯನ್ನೂ ಮಾರ್ಕಂಡೇಯವನ್ನೂ ಕೂಡಿಸಿಕೊಂಡು, ಗೋಕಾಕವನ್ನು ಮುಳುಗಿಸಿ ಬಂದದ್ದು. ಕೃಷ್ಣೆಯದೂ ಅದೇ ಕಥೆ. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳ ನೀರೆಲ್ಲ ಒಟ್ಟುಗೂಡಿ ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ತಾಲ್ಲೂಕುಗಳ ನದಿದಂಡೆಯ ಊರುಗಳನ್ನು ಸುತ್ತುವರಿದಿತ್ತು. ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಡಬೇಕಾಗಿ ಬಂತು. ನನ್ನ ನಳಿಗೆಯಿಂದ ಚೆಲ್ಲಿದಂಥ ನೀರೇ ಮಲಪ್ರಭೆಯಾಗಿ ಹರಿದು ನವಿಲುತೀರ್ಥದ ಅಣೆಕಟ್ಟನ್ನು ತುಂಬಿಸಿ, ಪಟ್ಟದಕಲ್ಲಿನ ಗುಡಿಗಳ ಒಳಗೆ ನಿಂತಿತು. ಆ ಚಿತ್ರವನ್ನು ಟಿವಿಯಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ತಂಗಿ ಫೋನಿನಲ್ಲಿ ಅಳಲಿಲ್ಲ. "ಅಕ್ಕಾ, ಅಲ್ಲಿ ನಮ್ಮ ಮನಿಯೊಳಗ ಆಳೆತ್ತರ ನೀರ ನಿಂತೈತಿ, ನಾ ಇಲ್ಲಿ ಎರಡ ಕೊಡಾ ನೀರಿಗೆ ಪಾಳಿ ಹಚ್ಚೀನಿ," ಎಂದಳು. ನನಗೆ ಆ ತಿಂಗಳು ಅರ್ಥವಾದದ್ದು ಆ ಒಂದು ಮಾತಿನಿಂದ.

ಇದು ಹೀಗೇಕೆ ಆಗುತ್ತದೆಂದು ಮಕ್ಕಳಿಗೆ ನಾನು ಪ್ರತಿವರ್ಷ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿಯುತ್ತದೆ, ತಣಿದಂತೆ ಒಡಲಲ್ಲಿದ್ದ ನೀರನ್ನು ಇಳಿಸುತ್ತದೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರಲ್ಲಿ ಉಳಿದದ್ದು ಕಡಿಮೆ. ಮೇಲಾಗಿ ಇಳಿಯುವ ಗಾಳಿ ಬಿಸಿಯಾಗುತ್ತದೆ, ಅದೂ ಏರುವಾಗ ತಣಿದುದಕ್ಕಿಂತ ಬೇಗ. ಆದ್ದರಿಂದ ಪಶ್ಚಿಮದ ಗಾಳಿ ಎಷ್ಟು ಜೋರಾಗಿ ಬೀಸುತ್ತದೆಯೋ ಅಷ್ಟು ಹೆಚ್ಚು ಮಳೆ ಖಾನಾಪುರದ ಕಾಡಿಗೆ, ಅಷ್ಟೇ ಹೆಚ್ಚು ಒಣ ಧೂಳು ಇಂಡಿಯ ಎರಿ ಹೊಲಕ್ಕೆ. ಒಂದೇ ಗಾಳಿ ಎರಡೂ ಕೆಲಸವನ್ನು ಮಾಡುತ್ತದೆ. ನಮ್ಮಲ್ಲಿ ಮಳೆ ಹೆಚ್ಚಾದ ದಿನವೇ ಅಣ್ಣನ ಮನೆಯಲ್ಲಿ ಗಾಳಿ ಹೆಚ್ಚಾಗುತ್ತಿದ್ದುದನ್ನು ನಾನು ರಿಜಿಸ್ಟರಿನಲ್ಲಿ ಅವನ ಮಾತುಗಳನ್ನೂ ಪಕ್ಕದಲ್ಲಿ ಬರೆದಿಟ್ಟು ಹೋಲಿಸಿ ನೋಡಿದ್ದೇನೆ.

ನೀರು ಇಳಿದು ದಾರಿ ತೆರೆದ ಮೇಲೆ, 24ರ ಶನಿವಾರ, ನಾನು ಹುಬ್ಬಳ್ಳಿಗೆ ಬಂದು ವಿಜಯಪುರದ ಕಡೆಯ ರೈಲು ಹತ್ತಿದೆ. ಹೊಳೆಆಲೂರಿನ ಬಳಿ ಮಲಪ್ರಭೆ ಇನ್ನೂ ಕೆಂಪಾಗಿ ಹರಿಯುತ್ತಿತ್ತು. ದಂಡೆಯ ಜಾಲಿ ಮರಗಳ ನೆತ್ತಿಯಲ್ಲಿ ಸೀರೆಯ ಚೂರು, ಮೇವಿನ ಸಿವುಡು, ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು, ಮತ್ತು ಅವೆಲ್ಲ ಒಂದೇ ಎತ್ತರದಲ್ಲಿದ್ದವು. ಅಷ್ಟು ಎತ್ತರಕ್ಕೆ ನೀರು ಬಂದಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಗಲಕೋಟೆ ದಾಟಿ ಆಲಮಟ್ಟಿಯ ಬಳಿ ಕೃಷ್ಣೆಯ ಸೇತುವೆಯ ಮೇಲೆ ರೈಲು ನಿಧಾನವಾದಾಗ ಎಲ್ಲರೂ ಎದ್ದು ಬಾಗಿಲಿಗೆ ಬಂದರು. ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ನಾಣ್ಯ ಬಿಚ್ಚಿ ನೀರಿಗೆ ಹಾಕಿ ಕೈ ಮುಗಿದಳು. ಅಲ್ಲಿಂದ ಒಂದು ಗಂಟೆ ಹೋಗಿರಲಿಕ್ಕಿಲ್ಲ, ಕಿಟಕಿಯ ಹೊರಗೆ ಬಣ್ಣವೇ ಬದಲಾಯಿತು. ಹೊಲಗಳಲ್ಲಿ ಪೈರು ಗೇಣುದ್ದವೂ ಇಲ್ಲ. ವಿಜಯಪುರ ದಾಟಿ ನಿಂಬಾಳ ಬರುವ ಹೊತ್ತಿಗೆ ನಾನು ಖಾನಾಪುರದಿಂದ ಹೊತ್ತು ತಂದಿದ್ದ ಸ್ವೆಟರನ್ನು ಚೀಲದ ತಳಕ್ಕೆ ತುರುಕಿದೆ.

ಮನೆಯಲ್ಲಿ ಕೈಕಾಲು ತೊಳೆಯಲು ಅತ್ತಿಗೆ ಒಂದು ತಂಬಿಗೆ ನೀರು ಕೊಟ್ಟರು. ಆ ತಂಬಿಗೆಯನ್ನು ಹಿಡಿದು ನಿಂತಾಗ ನನ್ನ ಕೈ ನಡುಗಿತು. ಮೂರು ವಾರದ ಹಿಂದೆ ಇದರ ಎಷ್ಟೋ ಪಟ್ಟು ನೀರನ್ನು ನಾನು ಅಳೆದು ಅಂಗಳಕ್ಕೆ ಚೆಲ್ಲಿದ್ದೆ. ಮರುದಿನ ಬೆಳಿಗ್ಗೆ ಟ್ಯಾಂಕರ್ ಬಂದಾಗ ತಂಗಿಯೊಡನೆ ನಾನೂ ಹೋದೆ. ಮನೆಗೆ ಇಷ್ಟೇ ಕೊಡ ಎಂಬ ಕಟ್ಟಳೆಯಿತ್ತು. ಪಾಳಿಯಲ್ಲಿ ನಿಂತ ಹೆಂಗಸರು ತಂಗಿಯನ್ನು ಮುಂದೆ ಬಿಟ್ಟರು. ಮನೆ ಮುಳುಗಿದವಳು ಪಾಪ ಎಂದು ತಮ್ಮ ಪಾಳಿಯ ನೀರನ್ನು ಅವಳಿಗೆ ಬಿಟ್ಟುಕೊಟ್ಟ ಆ ಹೆಂಗಸರ ದೊಡ್ಡತನವನ್ನು ನಾನು ಎಂದೂ ಮರೆಯಲಾರೆ.

ಅಣ್ಣನೊಡನೆ ಹೊಲಕ್ಕೆ ಹೋದೆ. ಜುಲೈ ಕೊನೆಗೆ ಬಂದ ಒಂದು ಹದ ಮಳೆಗೆ ಬಿತ್ತಿದ ತೊಗರಿ ಸಾಲು ಸಾಲಾಗಿ ಎದ್ದಿದ್ದರೂ, ಮಧ್ಯಾಹ್ನದ ಹೊತ್ತಿಗೆ ಎಲೆಗಳನ್ನು ಕೈ ಮುಗಿದಂತೆ ಮಡಿಚಿಕೊಂಡು ನಿಂತಿತ್ತು. ಅಣ್ಣ ಕುಳಿತು ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಕೆದರಿದ. ಮೇಲೆ ಎರಡು ಬೆರಳಿನಷ್ಟು ಪುಡಿ, ಅದರ ಕೆಳಗೆ ಗಟ್ಟಿ ಹೆಂಟೆ, ಎಷ್ಟು ಕೆದರಿದರೂ ತಂಪು ಹತ್ತಲಿಲ್ಲ. ಎರಿ ಮಣ್ಣು ನೀರು ಕುಡಿದರೆ ಎರಡು ತಿಂಗಳು ಬೆಳೆಯನ್ನು ಸಾಕುತ್ತದೆ, ಕುಡಿಯದಿದ್ದರೆ ಬಾಯಿ ಬಿಡುತ್ತದೆ. ಬದುವಿನ ಬಳಿ ಅಂಗೈ ಅಡ್ಡ ಹೋಗುವಷ್ಟು ಬಿರುಕುಗಳು ಬಿದ್ದಿದ್ದವು. ಆಗ ಮಘಾ ಮಳೆಯ ದಿನಗಳು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂದು ಅವ್ವ ಹೇಳುತ್ತಿದ್ದಳು. ಅಣ್ಣ ಪಡುವಣ ದಿಕ್ಕನ್ನು ನೋಡುತ್ತಾ, "ಭೀಮೆ ತುಂಬಿ ಹರೀತೈತಿ ಅಂತಾರ. ಉಜನಿಯಿಂದ ನೀರ ಬಿಟ್ಟಾರಂತ. ದಂಡಿಯವರ ಕಬ್ಬು ಕೊಳೀತು, ನಮ್ಮ ತೊಗರಿ ಒಣಗಿತು," ಎಂದ. ನಮ್ಮ ತಾಲ್ಲೂಕೊಂದರಲ್ಲಿಯೇ ಉತ್ತರದ ಅಂಚಿಗೆ ಪ್ರವಾಹ, ನಡುವೆ ಬರ. ಎರಡರ ನಡುವಿನ ದೂರ ಮೋಟಾರ್ ಸೈಕಲ್ಲಿನ ಮೇಲೆ ಅರ್ಧ ಗಂಟೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಖಾನಾಪುರವೂ ಮುಧೋಳವೂ ಇಂಡಿಯೂ ಉತ್ತರ ಒಳನಾಡು ಎಂಬ ಒಂದೇ ಉಪವಿಭಾಗಕ್ಕೆ ಸೇರುತ್ತವೆ. ವಾಡಿಕೆಗಿಂತ ಶೇಕಡ 19ರಷ್ಟು ಆಚೀಚೆಯಾದರೂ ಅದನ್ನು ಸಾಮಾನ್ಯ ಮಳೆ ಎಂದೇ ಬರೆಯುತ್ತಾರೆ. ದೇಶದ ಮಟ್ಟಿಗೆ ಆ ಲೆಕ್ಕ ಬೇಕು, ನಾನು ಅದನ್ನು ಅಲ್ಲಗಳೆಯುವುದಿಲ್ಲ. 2019ರ ಜೂನ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆಯಿದ್ದು ಆಗಸ್ಟ್‌ನಲ್ಲಿ ಶೇಕಡ 15ರಷ್ಟು ಹೆಚ್ಚಾಯಿತೆಂಬುದು ನಮಗೆ ತಿಳಿಯುವುದೇ ಅಂಥ ಲೆಕ್ಕದಿಂದ. ಆದರೆ ಆ ಸರಾಸರಿಯನ್ನು ಹಿಡಿದು ಅಣ್ಣನ ಹೊಲದ ಬಗ್ಗೆ ಯಾರಾದರೂ ಮಾತಾಡಿದರೆ ನಾನು ಒಪ್ಪಲಾರೆ. ಜಿಲ್ಲೆಯ ಸರಾಸರಿಯೂ ಸಾಲದು: ಬೆಳಗಾವಿ ಜಿಲ್ಲೆಯಲ್ಲಿಯೇ ಕಣಕುಂಬಿಯೂ ಇದೆ, ಅಥಣಿಯ ತೆಲಸಂಗದ ಕಡೆಯ ಒಣ ಭೂಮಿಯೂ ಇದೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ತಾನಾಗಿ ಅಳೆದು ಕಳಿಸುವ ಮಳೆಮಾಪಕಗಳನ್ನು ನೆಟ್ಟಿರುವುದನ್ನು ನಾನು ಬಹಳ ದೊಡ್ಡ ಕೆಲಸವೆಂದು ತಿಳಿದಿದ್ದೇನೆ. ಮುಖ್ಯ ಬೆಳೆಗಳ ವಿಮೆಗೆ ಪಂಚಾಯಿತಿಯನ್ನೇ ಘಟಕವಾಗಿ ಹಿಡಿಯುವುದೂ ಸರಿಯಾದ ದಾರಿಯೇ. ಅಳತೆ ಹೊಲದ ಹತ್ತಿರ ಬಂದಷ್ಟೂ ಅಣ್ಣನಂಥವರ ಮಾತು ಕಾಗದದ ಮೇಲೆ ಉಳಿಯುತ್ತದೆ.

ಎರಡು ದಿನದ ನಂತರ ತಂಗಿಯನ್ನು ಕರೆದುಕೊಂಡು ಮುಧೋಳಕ್ಕೆ ಹೋದೆ. ಅವಳ ಮನೆಯ ಮಣ್ಣಿನ ಹಿಂಗೋಡೆ ಒರಗಿತ್ತು. ಒಳಗೆ ಮೊಣಕಾಲುದ್ದದ ರೊಜ್ಜು, ಮೇಲೆ ಒಣಗಿ ಸಿಪ್ಪೆಯೆದ್ದಿತ್ತು, ಒಳಗಿನ್ನೂ ಹಸಿ. ಸಲಿಕೆಯಿಂದ ಎತ್ತಿ ಬುಟ್ಟಿಗೆ ತುಂಬುವಾಗ ಜೋಳದ ಚೀಲ ಸಿಕ್ಕಿತು. ಚೀಲದೊಳಗಿನ ಜೋಳ ಮೊಳಕೆಯೊಡೆದು, ಬೆಳಕಿಲ್ಲದೆ ಬಿಳಿಚಿಕೊಂಡು, ನೇಯ್ಗೆಯ ಸಂದುಗಳಿಂದ ಹೊರಗೆ ಬಂದಿತ್ತು. ತಂಗಿ ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಸರ್ಕಾರದ ತಕ್ಷಣದ ಪರಿಹಾರದ 10,000 ರೂಪಾಯಿ ಅವರಿಗೆ ಬಂತು. ಮೂರು ದಿನ ನಾವೆಲ್ಲರೂ ಸೇರಿ ರೊಜ್ಜು ಎತ್ತಿದೆವು. ನೀರು ಬೇಕಾದಷ್ಟಿತ್ತು, ಆದರೆ ಕುಡಿಯಲು ಅಲ್ಲಿಯೂ ಟ್ಯಾಂಕರೇ ಬರಬೇಕಾಗಿತ್ತು.

ಊರು ಬಿಡುವ ಮುನ್ನ ನಾನು ಅಣ್ಣನಿಗೆ ಒಂದು ಡಬ್ಬಿ ಆರಿಸಿಕೊಟ್ಟಿದ್ದೆ. ಮಳೆ ಅಳೆಯಲು ಬೆಲೆಬಾಳುವ ಸಾಧನವೇ ಬೇಕೆಂದಿಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ನೇರ ಗೋಡೆಯ ಡಬ್ಬಿಯನ್ನು ಬಯಲಿನಲ್ಲಿ ಸಮನಾಗಿ ಇಟ್ಟರೆ, ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಅವನು ಅದನ್ನು ಗಾಳಿಗೆ ಹಾರದಂತೆ ಮೂರು ಕಲ್ಲಿನ ನಡುವೆ ಕೂಡಿಸಿ, ಮಗನ ಕಂಪಾಸಿನ ಪಟ್ಟಿಯನ್ನು ತೆಗೆದುಕೊಂಡು ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ.

ವಿಜಯಪುರದ ಕಡೆ ಬೇರೆಲ್ಲ ತಿಂಗಳಿಗಿಂತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಪಶ್ಚಿಮದ ಗಾಳಿಯ ಬಿರುಸು ತಗ್ಗಿ ಪೂರ್ವದಿಂದ ಗುಡುಗಿನ ಮೋಡ ಏಳತೊಡಗಿದ ಮೇಲೆ. ಉತ್ತರೆ ಮಳೆ ಹಿಡಿದ ವಾರ, ಒಂದು ದಿನ ಬೆಳಗಾಗುವ ಮೊದಲೇ ಫೋನು ಬಡಿದುಕೊಂಡಿತು. ಹಿಂದೆ ಸೋರುವ ಮಾಳಿಗೆಯ ಕೆಳಗೆ ಪಾತ್ರೆಗಳನ್ನಿಡುವ ಸದ್ದು ಕೇಳುತ್ತಿತ್ತು.

"ಯವ್ವಾ, ಪಟ್ಟಿ ಮುಳುಗಿಸಿ ನೋಡೀನಿ. ಇಪ್ಪತ್ತೆರಡು ಗೆರಿ ತೊಯ್ದೈತಿ."

"ಸಣ್ಣ ಗೆರಿ ಏನಣ್ಣಾ?"

"ಸಣ್ಣ ಗೆರಿನ. ಇನ್ನೂ ಬೀಳಾಕತ್ತೈತಿ."

ದೀಪ ಹಚ್ಚಿ ರಿಜಿಸ್ಟರ್ ತೆಗೆದು, ನಮ್ಮ ಶಾಲೆಯ ಅಳತೆಯ ಪಕ್ಕದಲ್ಲಿ ಖಾಲಿ ಬಿಟ್ಟಿದ್ದ ಕಾಲಂನಲ್ಲಿ 22 ಎಂದು ಬರೆದು, ಅದರ ಎದುರಿಗೆ ಊರಿನ ಹೆಸರು ಬರೆದೆ.