ಯೇಸುನೇ ವೈನ್ ಮಾಡಿಕೊಟ್ರಲ್ಲ, ನಾವು ಕುಡಿದ್ರೆ ಏನ್ ತಪ್ಪು?

ನಾನು ಕ್ರೈಸ್ತ ಅಂತ ಗೊತ್ತಾದ್ರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತೆ. ಸಭೆಗೆ, ಅಂದ್ರೆ ಚರ್ಚಿಗೆ, ಬರೋ ಹುಡುಗ್ರೂ ಕೇಳ್ತಾರೆ, ಸ್ವಲ್ಪ ಮೆಲ್ಲಗೆ ಅಷ್ಟೇ. ಕಾನಾ ಊರಿನ ಮದುವೇಲಿ ಯೇಸು ನೀರನ್ನ ದ್ರಾಕ್ಷಾರಸ (ವೈನ್) ಮಾಡಿದ್ರಲ್ಲ, ಹಂಗಿದ್ಮೇಲೆ ಕುಡಿಯೋದು ಪಾಪ ಹೇಗಾಗುತ್ತೆ ಅಂತ.

ನೇರವಾಗಿ ಹೇಳ್ಬೇಕಂದ್ರೆ, ಯಾರೂ ಒಂದು ತೊಟ್ಟೂ ಮುಟ್ಟಬಾರದು ಅನ್ನೋ ಆಜ್ಞೆ ಬೈಬಲಲ್ಲಿ ಇಲ್ಲ. ಕುಡಿದು ಮತ್ತರಾಗಬೇಡಿ ಅನ್ನೋದು ಮಾತ್ರ ಖಡಾಖಂಡಿತ ಇದೆ (ಎಫೆಸ 5:18). ಕಾನಾದಲ್ಲಿ ಇದ್ದಿದ್ದು ಆರು ಕಲ್ಲಿನ ಬಾನೆ, ಆ ಕಾಲದ ಅಳತೆ ಲೆಕ್ಕ ಹಾಕಿದ್ರೆ ಒಟ್ಟು 450 ಲೀಟರ್ ಮೇಲೇ ಆಗುತ್ತೆ. ಅದೆಲ್ಲ ಬರೀ ಹಣ್ಣಿನ ಜ್ಯೂಸ್ ಅಂತ ವಾದ ಮಾಡೋರು ಇದಾರೆ, ನಂಗಂತೂ ಒಪ್ಪಿಗೆ ಆಗಿಲ್ಲ, ಯಾಕಂದ್ರೆ ಕೊರಿಂಥ ಊರಿನ ಸಭೇಲಿ ಪ್ರಭು ಭೋಜನಕ್ಕೆ (ಯೇಸುವಿನ ಕೊನೇ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ ಆಚರಣೆ) ಬಂದೋರೇ ಅಮಲೇರಿಸ್ಕೊಂಡು ಕೂತಿದ್ರು ಅಂತ ಆ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲ ಬೈದಿದಾನೆ, ಜ್ಯೂಸ್ ಕುಡಿದ್ರೆ ಅಮಲು ಏರುತ್ತಾ? ಹುಳಿ ಬರದಂಗೆ ಕಾಯಿಸಿಟ್ಟ ದ್ರಾಕ್ಷಿ ರಸವನ್ನ ಪ್ರಭು ಭೋಜನಕ್ಕೆ ಅಂತ ತಯಾರು ಮಾಡಿದ್ದು ಅಮೆರಿಕದ ಮೆಥಡಿಸ್ಟ್ ಪಂಗಡದ ಥಾಮಸ್ ವೆಲ್ಚ್, ಅದೂ 1869ರಲ್ಲಿ.

ಆದ್ರೆ ಕಾನಾ ಕಥೆ ಬಾಯಿಪಾಠ ಇರೋರಿಗೆ ಅದೇ ಬೈಬಲಿನ ಜ್ಞಾನೋಕ್ತಿ 23ನೇ ಅಧ್ಯಾಯ ಮಾತ್ರ ನೆನಪಿರಲ್ಲ! ಕೊನೆ ಏಳು ವಚನ ಓದಿ ನೋಡಿ, ಬರೆದೋನು ಕುಡುಕರನ್ನ ತೀರಾ ಹತ್ತಿರದಿಂದ ನೋಡಿರ್ಬೇಕು. ಕೆಂಪಗಾದ ಕಣ್ಣು, ಎಲ್ಲಿ ಆಯ್ತು ಅಂತಾನೇ ಗೊತ್ತಿಲ್ಲದ ಗಾಯ, ಸಮುದ್ರದ ಮಧ್ಯೆ ಮಲಗಿದಂಗೆ ತೂರಾಟ, ನಂಗೆ ಹೊಡೆದ್ರು ಆದ್ರೆ ನೋವೇ ಆಗ್ಲಿಲ್ಲ ಅನ್ನೋ ಜಂಭ, ಆಮೇಲೆ ಕೊನೇ ಮಾತು, ಯಾವಾಗ ಎಚ್ಚರ ಆಗುತ್ತೋ ಮತ್ತೆ ಅದನ್ನೇ ಹುಡುಕ್ಕೊಂಡು ಹೋಗ್ತೀನಿ ಅಂತ. ಚಟ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಡ್ರಗ್ಸ್ ವಿಷಯಕ್ಕೆ ಬಂದ್ರೆ ಇನ್ನೊಂದು ಜಾಣ ಪ್ರಶ್ನೆ ಇದೆ, ದೇವರು ಎಲ್ಲಾ ಗಿಡನೂ ನಮಗೇ ಕೊಟ್ಟಿದ್ದು ಅಂತ ಆದಿಕಾಂಡದಲ್ಲೇ ಇದೆಯಲ್ಲ, ಗಾಂಜಾನೂ ಗಿಡ ತಾನೇ ಅಂತ. ದತ್ತೂರಿನೂ ಗಿಡಾನೇ ಅಪ್ಪಾ. ಪೌಲ ಕೊರಿಂಥದವರಿಗೆ ಬರೆದಿದ್ದೇ ಇಲ್ಲಿ ಸರಿಯಾದ ಅಳತೆ, ಎಲ್ಲಾ ಮಾಡೋಕೆ ನಂಗೆ ಸ್ವಾತಂತ್ರ್ಯ ಇದೆ ಆದ್ರೆ ಯಾವುದಕ್ಕೂ ನಾನು ಗುಲಾಮ ಆಗಲ್ಲ ಅಂತ (1 ಕೊರಿಂಥ 6:12). ನೋವಿಗೆ ಡಾಕ್ಟರ್ ಕೊಟ್ಟ ಮಾತ್ರೆ ತಗೊಳ್ಳೋದು ಬೇರೆ ವಿಷಯ, ಅದರ ಬಗ್ಗೆ ಯಾರೂ ತಪ್ಪಿತಸ್ಥ ಭಾವನೆ ಇಟ್ಕೋಬೇಡಿ, ಯೇಸು ಹೇಳಿದ ಕಥೇಲಿ ದಾರೀಲಿ ಬಿದ್ದಿದ್ದ ಗಾಯಾಳುವಿಗೆ ಸಹಾಯ ಮಾಡಿದ ಒಳ್ಳೇ ಸಮಾರ್ಯದವನು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿನೇ ಕಟ್ಟಿದ್ದು.

ಈಗ ಹೊಡೆದಾಟಕ್ಕೆ ಬರ್ತೀನಿ, ನಂಗೆ ಜಾಸ್ತಿ ಹೇಳ್ಬೇಕಿರೋದು ಇಲ್ಲೇ. ಸಭೆಯ ಹಿರಿಯ ಹೇಗಿರ್ಬೇಕು ಅಂತ 1 ತಿಮೊಥೆಯ 3:3ರಲ್ಲಿ ಪಟ್ಟಿ ಇದೆ, ಕುಡುಕ ಆಗಿರಬಾರದು, ಹೊಡೆಯೋನು ಆಗಿರಬಾರದು, ಎರಡೂ ಅಕ್ಕಪಕ್ಕಾನೇ ಬರುತ್ತೆ. ತೀತನಿಗೆ ಬರೆದ ಪತ್ರದಲ್ಲೂ ಹಂಗೇ. ಆದ್ರೂ ಮನೇಲಿ ಹೆಂಡತಿಗೆ ಹೊಡೆದೋನು "ಕುಡಿದಿದ್ದೆ, ಗೊತ್ತಾಗ್ಲಿಲ್ಲ" ಅಂತಾನೆ, ಸಭೆಯವರೂ ಪಾಪ ಅಂತಾರೆ. ಅದೇ ಅಮಲಲ್ಲಿ ತನ್ನ ಬಾಸ್ ಕೆನ್ನೆಗೆ ಯಾಕೆ ಬಾರಿಸಲ್ಲ ಅವನು? ಯಾರಿಗೆ ಹೊಡೆದ್ರೆ ನಡೆಯುತ್ತೆ ಅನ್ನೋದು ಎಷ್ಟು ಕುಡಿದಿದ್ರೂ ಚೆನ್ನಾಗಿ ಗೊತ್ತಿರುತ್ತೆ.

ಇನ್ನೊಂದು ಕೆನ್ನೆ ತೋರಿಸು ಅನ್ನೋ ವಚನ ಹಿಡ್ಕೊಂಡು ಆ ಹೆಂಗಸಿಗೆ ಸಹಿಸ್ಕೋ, ಪ್ರಾರ್ಥನೆ ಮಾಡು ಅಂತ ಹೇಳೋದು ನಂಗೆ ಸುತಾರಾಂ ಸರಿ ಅನ್ಸಲ್ಲ. ಮಹಾಯಾಜಕನ ಮುಂದೆ ಒಬ್ಬ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರ್ಲಿಲ್ಲ, ನಾನು ಹೇಳಿದ್ದು ಸರಿ ಇದ್ರೆ ಯಾಕೆ ಹೊಡೀತೀಯ ಅಂತ ಕೇಳಿದ್ರು (ಯೋಹಾನ 18:23). ಪೌಲನ್ನ ಕೊಲ್ಲೋಕೆ ಕಾಯ್ತಿದ್ದಾಗ ದಮಸ್ಕದ ಗೋಡೆಯಿಂದ ಬುಟ್ಟೀಲಿ ಇಳಿದು ತಪ್ಪಿಸ್ಕೊಂಡ, ಅದನ್ನ ಯಾರೂ ಅಪನಂಬಿಕೆ ಅನ್ನಲಿಲ್ಲ. ಕ್ಷಮಿಸೋದು ಅಂದ್ರೆ ಏಟು ತಿನ್ಕೊಂಡು ಅದೇ ಮನೇಲಿ ಇರೋದಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗ್ಲಿ, ಪೊಲೀಸರಿಗೆ ಹೇಳ್ಬೇಕಾದ್ರೆ ಹೇಳ್ಲಿ, ಕ್ಷಮೆ ವಿಚಾರ ಆಮೇಲೆ.

ಹಾಗಾದ್ರೆ ಒಂದು ಗ್ಲಾಸ್? ನಾನು ಕುಡಿಯಲ್ಲ. ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದ್ರೆ ಅಪಾಯ ಇಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಆದ್ರೆ ನನ್ನ ಕಾರಣ ರೋಮಾ 14:21, ನನ್ನ ಪಕ್ಕ ಕೂತೋನು ಕಷ್ಟಪಟ್ಟು ಬಿಟ್ಟಿರ್ಬಹುದು, ನನ್ನ ಗ್ಲಾಸ್ ನೋಡಿ ಅವನು ಎಡವಬಾರದು ಅಂತ. ಕುಡಿಯೋ ಕ್ರೈಸ್ತರನ್ನ ನರಕಕ್ಕೆ ಕಳ್ಸೋ ಕೆಲಸ ನಂದಲ್ಲ.

ಬಿಡ್ಬೇಕು ಅಂತಿರೋರಿಗೆ ಒಂದು ವಿಷಯ, ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದೋರು ಪ್ರಾರ್ಥನೆ ಮುಗಿಸಿ ಅದೇ ರಾತ್ರಿ ಪೂರ್ತಿ ನಿಲ್ಲಿಸಿಬಿಟ್ರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಕೆಲವು ಸಲ ಜೀವಕ್ಕೇ ಅಪಾಯ. ಡಾಕ್ಟರ್ ಹತ್ರ ಹೋಗಿ ಬಿಡಿ. ನಂಬಿಕೆ ಕಮ್ಮಿ ಆಯ್ತು ಅಂತ ಯಾರಾದ್ರೂ ಅಂದ್ರೆ, ಸುವಾರ್ತೆ ಬರೆದ ಲೂಕನೂ ವೈದ್ಯನೇ ಅಂತ ಹೇಳಿ.