ಎರಡು ಕಾಗದ

5 ಡಿಸೆಂಬರ್ 2023, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು: "ಚೀನಾದವರು ಮೊದಲು ಹೊಟ್ಟೆಗೆ ಹಿಟ್ಟು ನೋಡಿಕೊಂಡರು, ಅದಕ್ಕೇ ಮುಂದೆ ಬಂದರು." ನನ್ನ ಬಾಯಲ್ಲಿ ಮುದ್ದೆಯಿತ್ತು, ಸುಮ್ಮನಾದೆ. ಸಂಜೆ ತಾರೀಖು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

1978ರ ಚಳಿಗಾಲ. ಆನ್‌ಹುಯಿ ಪ್ರಾಂತ್ಯದ ಶಿಯಾವೊಗಾಂಗ್ ಹಳ್ಳಿ. ಬೆಳೆ ಹೋದರೆ ಜನ ಭಿಕ್ಷೆಗೆ ಊರೂರು ತಿರುಗುತ್ತಿದ್ದ ಸೀಮೆ. 18 ರೈತರು ರಾತ್ರಿ ಗುಟ್ಟಾಗಿ ಸೇರಿ ಒಂದು ಕರಾರು ಬರೆದರು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲಿನ ಧಾನ್ಯ ತಪ್ಪದೆ ಅಳೆಯುವುದು. ಸಿಕ್ಕಿಬಿದ್ದರೆ ಜೈಲು. ಹಾಗಾಗಿ ಇನ್ನೊಂದು ಸಾಲು: ಮುಂದಾಳುಗಳು ಜೈಲಿಗೆ ಹೋದರೂ ತಲೆ ಉರುಳಿದರೂ ಸರಿ, ಅವರ ಮಕ್ಕಳನ್ನು 18 ತುಂಬುವವರೆಗೆ ಉಳಿದವರು ಸಾಕಬೇಕು. ಫೋಟೋ ದೊಡ್ಡದು ಮಾಡಿ ನೋಡಿದೆ. ಹೆಸರುಗಳ ಮೇಲೆ ಕೆಂಪು ಬೆರಳಚ್ಚು, ಅಲ್ಲೊಂದು ಇಲ್ಲೊಂದು ಮೊಹರು.

ಅದೇ ಚಳಿಯಲ್ಲಿ, ಡಿಸೆಂಬರ್ 5ಕ್ಕೆ, ಬೀಜಿಂಗಿನ ಶೀದಾನ್‌ ಗೋಡೆಗೆ ಇನ್ನೊಂದು ಕಾಗದ ಬಿತ್ತು. ಜನ ತಮ್ಮ ಅಹವಾಲು, ಟೀಕೆ ಬರೆದು ಅಂಟಿಸುತ್ತಿದ್ದ ಗೋಡೆ ಅದು. ಬರೆದವನು 28ರ ವೇಯ್ ಜಿಂಗ್‌ಶೆಂಗ್, ಮೃಗಾಲಯದ ಎಲೆಕ್ಟ್ರಿಷಿಯನ್. ಆಳುವ ಕಮ್ಯುನಿಸ್ಟ್ ಪಕ್ಷ ಹೇಳುವ ನಾಲ್ಕು ಆಧುನೀಕರಣ (ಕೃಷಿ, ಕೈಗಾರಿಕೆ, ರಕ್ಷಣೆ, ವಿಜ್ಞಾನ-ತಂತ್ರಜ್ಞಾನ) ಸಾಲದು, ಐದನೆಯದಾಗಿ ಪ್ರಜಾಪ್ರಭುತ್ವ ಬೇಕು ಅಂದ. ಗೋಡೆಬರಹ ಆಗ ಸಂವಿಧಾನವೇ ಕೊಟ್ಟ ಹಕ್ಕು. ಪಕ್ಷದಲ್ಲಿ ಆಗ ಮೇಲೇರುತ್ತಿದ್ದ ನಾಯಕ ಡೆಂಗ್ ಶಿಯಾವೊಪಿಂಗ್ ಕೂಡ ಮೊದಮೊದಲು ತಡೆಯಲಿಲ್ಲ. ಪೆಟ್ಟು ಬೀಳುತ್ತಿದ್ದದ್ದು ಪಕ್ಷದೊಳಗಿನ ಅವನ ಎದುರಾಳಿಗಳಿಗಲ್ಲವೇ! ಮಾರ್ಚ್‌ನಲ್ಲಿ ವೇಯ್, ಡೆಂಗ್ ಹೊಸ ಸರ್ವಾಧಿಕಾರಿ ಆಗುತ್ತಿದ್ದಾನೆ ಅಂತ ಬರೆದ. 29ಕ್ಕೆ ಬಂಧನ, ಅಕ್ಟೋಬರಿನಲ್ಲಿ 15 ವರ್ಷ ಶಿಕ್ಷೆ. ಮರುವರ್ಷ ಗೋಡೆಬರಹದ ಹಕ್ಕನ್ನೇ ಸಂವಿಧಾನದಿಂದ ಕಿತ್ತರು.

ರೈತರ ಕಾಗದದ ನಸೀಬೇ ಬೇರೆ. ಸುಗ್ಗಿ ಚೆನ್ನಾಗಿ ಬಂತು, ಪಕ್ಷ ಒಪ್ಪಿತು, ಕೆಲವೇ ವರ್ಷಗಳಲ್ಲಿ ಸಾಮೂಹಿಕ ಬೇಸಾಯದ ಕಮ್ಯೂನುಗಳೇ ಇಲ್ಲವಾದವು. ಕರಾರು ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. (ಅದು ಅಸಲಿಯೋ ಅಲ್ಲವೋ ಅಂತ ತಕರಾರೂ ಉಂಟು.)

ಆರ್ಥಿಕತೆಯ ಬಾಗಿಲು ತೆರೆದ ಡೆಂಗ್ ಒಬ್ಬ, ಬಾಯಿ ಮುಚ್ಚಿಸಿದ ಡೆಂಗ್ ಇನ್ನೊಬ್ಬ ಅನ್ನೋ ಹಾಗೆ ಓದುತ್ತಿದ್ದೆ ಇಷ್ಟು ದಿನ. ಇಬ್ಬರೂ ಒಬ್ಬನೇ. ರೈತರು ಕೇಳಿದ್ದು ಕಣದ ರಾಶಿಯಲ್ಲಿ ಪಾಲು. ವೇಯ್ ಕೇಳಿದ್ದು ಕೊಳಗ ಯಾರ ಕೈಯಲ್ಲಿರಬೇಕು ಅಂತ.

1993ರ ಸೆಪ್ಟೆಂಬರಿನಲ್ಲಿ ವೇಯ್‌ನನ್ನು ಬಿಟ್ಟರು. 2000ದ ಒಲಿಂಪಿಕ್ಸ್ ಮೇಲೆ ಬೀಜಿಂಗ್ ಕಣ್ಣಿಟ್ಟಿತ್ತು. ಅದು ಸಿಡ್ನಿಯ ಪಾಲಾಯಿತು, ಮುಂದಿನ ಏಪ್ರಿಲ್‌ನಲ್ಲಿ ಇವನು ಮತ್ತೆ ಒಳಗೆ. 1997ರಲ್ಲಿ ಅಮೆರಿಕದ ವಿಮಾನ ಹತ್ತಿಸಿದರು. ಶೀದಾನ್‌ನಲ್ಲಿ ಈಗ ಸಾಲುಸಾಲು ಮಾಲ್‌ಗಳು.

ನಾಳೆ ಊಟದ ಹೊತ್ತಿಗೆ ಆ ಬೆರಳಚ್ಚಿನ ಫೋಟೋ ತೋರಿಸಿ, ಮಕ್ಕಳ ಸಾಲನ್ನು ಹೇಳಬೇಕು. ಹಿಟ್ಟಿಗೂ ಜೈಲಿಗೆ ತಯಾರಾಗಿಯೇ ಹೊರಟಿದ್ದರು ಅವರು.