ಬಾಲ್ ಕೆಳಗೆ ಇಳಿಸಬೇಡ

ಬಳ್ಳಾರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಹೇಳಿಕೊಡೋದು ಅಂದ್ರೆ ಮೊದಲು ಪೊರಕೆ ಹಿಡಿಯೋದು. ಬೆಳಿಗ್ಗೆ ಐದೂವರೆಗೆ ಸಿಮೆಂಟ್ ಕೋರ್ಟ್ ಮೇಲೆ ರಾತ್ರಿಯ ಧೂಳು ಕೂತಿರುತ್ತದೆ. ಗುಡಿಸದೆ ಆಡಿದರೆ ಕಾಲು ಜಾರುತ್ತದೆ. ಗುಡಿಸೋದು ದೊಡ್ಡ ಹುಡುಗರ ಕೆಲಸ. ಚಿಕ್ಕವರು ಗುಡಿಸಿ ದೊಡ್ಡವರು ಆಡೋದು ಎಲ್ಲ ಕಡೆ ಇದ್ದದ್ದೇ, ನನ್ನ ಕೋರ್ಟಿನಲ್ಲಿ ಬೇಡ. ಎಂಟು ಗಂಟೆಗೆಲ್ಲ ಮುಗಿಸಬೇಕು. ಆಮೇಲೆ ಸಿಮೆಂಟು ಕಾಯುತ್ತದೆ, ಬರಿಗಾಲಿನ ಹುಡುಗರು ಕುಣಿಯೋಕೆ ಶುರು ಮಾಡ್ತಾರೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರು ಒಳಗೇ ಆಡಲಿ ಅಂತ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಶುರು ಮಾಡಿದರು. ನಮ್ಮ ಏಪ್ರಿಲ್ ನೋಡಿದ್ದರೆ ಏನು ಮಾಡುತ್ತಿದ್ದರೋ.

ಹೋದ ವರ್ಷ ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಹದಿಮೂರು ವರ್ಷ, ಆಗಲೇ ಐದಡಿ ಒಂಬತ್ತಿಂಚು. ಅಪ್ಪ ಜೀನ್ಸ್ ಹೊಲಿಯೋ ಕಾರ್ಖಾನೆಯಲ್ಲಿ ಟೈಲರ್. ನೋಡಿದವರೆಲ್ಲ ಒಂದೇ ಮಾತು: "ಸಾರ್, ಇವನನ್ನ ರಿಂಗ್ ಕೆಳಗೆ ನಿಲ್ಸಿಬಿಡ್ರಿ, ಕಪ್ ನಮ್ದೇ." ರಿಂಗ್ ಇರೋದು ಹತ್ತಡಿ ಎತ್ತರದಲ್ಲಿ. ಇವನು ಕೈ ಚಾಚಿ ಸ್ವಲ್ಪ ಜಿಗಿದರೆ ಬಲೆ ಸಿಗುತ್ತಿತ್ತು. ಉಳಿದ ಹುಡುಗರು ಇವನ ಎದೆಗೆ ಬರುತ್ತಿದ್ದರು. ನಾನು ಮಾತ್ರ ಇವನ ಕೈಗೆ ಬಾಲ್ ಕೊಟ್ಟು, ಎಡಗೈಯಲ್ಲಿ ನೆಲಕ್ಕೆ ಪುಟಿಸುತ್ತಾ, ಅಂದ್ರೆ ಡ್ರಿಬಲ್ ಮಾಡುತ್ತಾ, ಆ ತುದಿಯಿಂದ ಈ ತುದಿಗೆ ತಾ ಅನ್ನುತ್ತಿದ್ದೆ. ಕುಳ್ಳ ಹುಡುಗರು ಮಾಡೋ ಕೆಲಸ ಅದು. ಮೂರು ಸಲಕ್ಕೆ ಒಂದು ಸಲ ಬಾಲ್ ಅವನ ಕಾಲಿಗೇ ಬಡಿದು ಹೊರಗೆ ಹೋಗುತ್ತಿತ್ತು. ಇದರಿಂದ ಎರಡು ಮ್ಯಾಚ್ ಸೋತಿದ್ದೂ ನಿಜ.

ಹೀಗೆ ಮಾಡಿಸೋಕೆ ಕಾರಣ ಇವನಲ್ಲ, ಇನ್ನೊಬ್ಬ ಹುಡುಗ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನನಗೆ ಗೆಲ್ಲೋ ಹುಚ್ಚು. ಹನ್ನೆರಡಕ್ಕೇ ಮೀಸೆ ಚಿಗುರಿದ, ಎಲ್ಲರಿಗಿಂತ ತಲೆ ಎತ್ತರದ ಒಬ್ಬ ಸಿಕ್ಕಿದ. ಅವನಿಗೆ ನಾನು ಹೇಳಿಕೊಟ್ಟದ್ದು ಒಂದೇ ಪಾಠ. "ರಿಂಗ್ ಕೆಳಗೆ ನಿಲ್ಲು. ಬಾಲ್ ಹಿಡಿ, ತಲೆ ಮೇಲೆ ಇಟ್ಕೋ. ಕೆಳಗೆ ಇಳಿಸಬೇಡ. ತಿರುಗಿ ಹಾಕು." ತಪ್ಪು ಪಾಠವೇನೂ ಅಲ್ಲ. ಎತ್ತರದವನು ಬಾಲ್ ಸೊಂಟಕ್ಕೆ ಇಳಿಸಿದರೆ ಕುಳ್ಳರು ಕಿತ್ತುಕೊಳ್ಳುತ್ತಾರೆ. ಆ ವರ್ಷ ಕಪ್ ಬಂತು, ಪೇಪರಿನಲ್ಲಿ ಫೋಟೋ ಬಂತು. ಆದರೆ ಬೇಗ ಬೆಳೆದವರು ಎಷ್ಟೋ ಸಲ ಬೇಗ ನಿಂತೂಬಿಡುತ್ತಾರೆ. ಇವನೂ ಐದಡಿ ಎಂಟಕ್ಕೆ ನಿಂತ. ಜೊತೆಯವರು ಹದಿನೈದು, ಹದಿನಾರಕ್ಕೆ ಸರಸರ ಬೆಳೆದು ಇವನನ್ನ ದಾಟಿದರು. ಪಿಯುಸಿಗೆ ಬಂದಾಗ ರಿಂಗ್ ಕೆಳಗೆ ನಿಲ್ಲೋಕೆ ಎತ್ತರ ಸಾಲಲ್ಲ, ಹೊರಗೆ ಆಡೋಕೆ ಡ್ರಿಬಲ್ ಬರಲ್ಲ. ಸೆಲೆಕ್ಷನ್ ದಿನ ಅರ್ಧ ಕೋರ್ಟ್ ದಾಟೋದರೊಳಗೆ ಮೂರು ಸಲ ಬಾಲ್ ಕಳ್ಕೊಂಡನಂತೆ. ಅಲ್ಲಿಗೆ ಬಿಟ್ಟ. ಕಪ್ ಇನ್ನೂ ನಮ್ಮ ಬೀರುವಿನ ಮೇಲಿದೆ.

ಇನ್ನೊಂದು ಅಭ್ಯಾಸ ನಾನು ಎಲ್ಲರಿಗೂ ಹಾಕಿದ್ದೆ. ಫೌಲ್ ಮಾಡಿದವನು ವಿಸಿಲ್ ಕೇಳಿದ ತಕ್ಷಣ ಕೈ ಎತ್ತಬೇಕು. ನಾವು ಆಡುವಾಗ ಎಲ್ಲರೂ ಎತ್ತುತ್ತಿದ್ದೆವು. ಈಗ ಯಾರೂ ಕೇಳಲ್ಲ. ಪ್ರಾಕ್ಟೀಸಿನಲ್ಲಿ ಎತ್ತದಿದ್ದರೆ ನನ್ನ ಕೋರ್ಟಿಗೆ ಎರಡು ಸುತ್ತು ಓಟ.

ಡಿಸೆಂಬರ್‌ನ ಮ್ಯಾಚು. ಎರಡು ನಿಮಿಷ ಬಾಕಿ, ನಾವು ಎರಡು ಪಾಯಿಂಟ್ ಮುಂದೆ. ನಮ್ಮ ಉದ್ದ ಹುಡುಗ, ಹನ್ನೊಂದನೇ ನಂಬರಿನವನಿಗೆ ಆಗಲೇ ನಾಲ್ಕು ಫೌಲ್. ಐದಾದರೆ ಹೊರಗೆ. ಎದುರಿನ ಹುಡುಗ ಬಾಲ್ ಹಾಕೋಕೆ ಜಿಗಿದ. ತಡೆಯೋಕೆ ನಮ್ಮವರು ಇಬ್ಬರು ಒಟ್ಟಿಗೆ ಜಿಗಿದರು. ವಿಸಿಲ್. ರೆಫ್ರಿ ಎಂಟನೇ ನಂಬರಿನವನತ್ತ ಕೈ ತೋರಿಸಿದರು. ಅವನಿಗೆ ಒಂದೇ ಫೌಲ್ ಆಗಿತ್ತು. ನನಗೆ ಜೀವ ಬಂತು. ಅಷ್ಟರಲ್ಲಿ ನೋಡ್ತೀನಿ, ಹನ್ನೊಂದನೇ ನಂಬರಿನ ಕೈ ಮೇಲಿದೆ. ರೆಫ್ರಿ ಅವನನ್ನ ನೋಡಿದರು. "ನೀನಾ?" ತಲೆ ಆಡಿಸಿದ. ಆಮೇಲೆ ಅವನಿಗೇ ಗಾಬರಿ. ಯೋಚನೆ ಮಾಡಿ ಎತ್ತಿದ ಕೈ ಅಲ್ಲ ಅದು.

ನನ್ನ ಬಾಯಿಗೆ ಬಂದದ್ದು ಬೈಗುಳ. ಸುಳ್ಳು ಯಾಕೆ ಹೇಳಲಿ? "ಎತ್ತಬೇಡ ಲೇ" ಅಂತ ಅರ್ಧ ಹೊರಗೂ ಬಂತು. ಪಕ್ಕದಲ್ಲಿ ಕೂತಿದ್ದ ಚಿಕ್ಕ ಹುಡುಗರು ನನ್ನ ಮುಖ ನೋಡಿದರು. ಉಳಿದರ್ಧ ನುಂಗಿಕೊಂಡೆ. ಎರಡು ಫ್ರೀ ಥ್ರೋನೂ ಬಿದ್ದವು, ಸಮ ಆಯ್ತು. ಇವನು ಹೊರಗೆ ಬಂದ ಮೇಲೆ ರೀಬೌಂಡ್, ಅಂದ್ರೆ ರಿಂಗಿಗೆ ಬಡಿದು ವಾಪಸ್ ಬರೋ ಬಾಲ್, ಹಿಡಿಯೋರಿಲ್ಲ. ನಾಲ್ಕು ಪಾಯಿಂಟಿಗೆ ಸೋತೆವು.

ಅವನಪ್ಪ ಗೇಟಿನ ಹತ್ತಿರ ಕಾಯುತ್ತಿದ್ದರು. ಅಂಗಿ ತೋಳಿಗೆ ನೀಲಿ ನೂಲು ಅಂಟಿತ್ತು.

"ಸಾರ್, ನಮ್ದು ಪೀಸ್ ಲೆಕ್ಕದ ಕೆಲಸ. ಅರ್ಧ ದಿನ ಬಿಟ್ಟು ಬಂದೀನ್ರಿ. ಇವ್ನು ಯಾಕ್ ಕೈ ಎತ್ತಿದ?"

"ಫೌಲ್ ಅವನದೇ ಇತ್ತು."

"ಸುಮ್ನಿದ್ದಿದ್ರೆ?"

"ಗೆಲ್ತಿದ್ವಿ ಅನ್ಸುತ್ತೆ."

ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಇನ್ಮುಂದೆ ಎತ್ತಬ್ಯಾಡ ಅಂತ ಹೇಳ್ತೀರಾ?"

ಆ ಚಿಕ್ಕ ಹುಡುಗರ ಮುಖ ಇನ್ನೂ ಕಣ್ಣ ಮುಂದಿತ್ತು. "ಇಲ್ಲ" ಅಂದೆ.

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗನ ಬ್ಯಾಗ್ ತಗೊಂಡು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದರು. ಹುಡುಗ ಹಿಂದೆ ಕೂತ. ಅವನ ಮೊಣಕಾಲು ಎರಡೂ ಕಡೆ ಚಾಚಿಕೊಂಡಿದ್ದವು.

ಸಂಜೆ ಬಾಲುಗಳ ಬಲೆ ಚೀಲ ಹೆಗಲಿಗೆ ಹಾಕಿಕೊಂಡು ಮಿರ್ಚಿ ಬಂಡಿಗೆ ಹೋದೆ. ಬಂಡಿ ಆ ಹಳೇ ಹುಡುಗನದೇ. ಹದಿನೈದು ದಿನಕ್ಕೊಮ್ಮೆಯಾದರೂ ಹೋಗುತ್ತೇನೆ. ಯಾವತ್ತೂ ಅವನು ನನ್ನ ಹತ್ತಿರ ಸರಿಯಾಗಿ ದುಡ್ಡು ತಗೊಂಡಿಲ್ಲ. ಒಗ್ಗರಣೆ ಮಂಡಕ್ಕಿ ಮೇಲೆ ಎರಡು ಮಿರ್ಚಿ ಜಾಸ್ತಿನೇ ಇಟ್ಟ.

"ಏನ್ ಸಾರ್, ಸೋತ್ರಂತೆ?" ಬಳ್ಳಾರಿಯಲ್ಲಿ ಇಂಥ ಸುದ್ದಿ ಬೇಗ ಮುಟ್ಟುತ್ತದೆ. "ಅಷ್ಟ್ ಉದ್ದ ಹುಡುಗ ಇದಾನೆ, ಅವನ ಕೈಲಿ ಬಾಲ್ ತರಿಸ್ತೀರಂತೆ. ನನ್ನ ಹಂಗೆ ರಿಂಗ್ ಕೆಳಗೆ ನಿಲ್ಸ್ರಿ ಸಾರ್. ಆವಾಗ ಹೆಂಗೆ ಗೆದ್ವಿ ನೋಡ್ರಿ."

ಅವನ ಮಾತಿನಲ್ಲಿ ಚುಚ್ಚೋದು ಏನೂ ಇರಲಿಲ್ಲ. ಅದೇ ಕಷ್ಟ. ಬಾಯಲ್ಲಿ ಮಿರ್ಚಿ ಇತ್ತು, ಉತ್ತರ ಕೊಡದೆ ಇರೋಕೆ ಒಳ್ಳೇ ನೆಪ.

ಗಿರಾಕಿ ಇರಲಿಲ್ಲ. "ಒಂದ್ ಬಾಲ್ ಕೊಡ್ರಿ ಸಾರ್" ಅಂತ ಎಣ್ಣೆ ಕೈ ಒರೆಸಿಕೊಂಡ. ಚೀಲದಿಂದ ಒಂದು ತೆಗೆದು ಎಸೆದೆ. ಅವನು ಹಿಡಿದ ಕೂಡಲೇ ಬಂಡಿಗೆ ಬೆನ್ನು ಕೊಟ್ಟು, ಕಾಲು ಅಗಲ ಮಾಡಿ, ಎರಡೂ ಕೈಯಲ್ಲಿ ಬಾಲನ್ನ ತಲೆ ಮೇಲೆ ಎತ್ತಿ ನಿಂತ. ಹಾಗೇ ನಿಂತು ನಗುತ್ತಾ ನನ್ನ ಹತ್ತಿರ ಮಾತಾಡುತ್ತಿದ್ದ. ಕೆಳಗೆ ಇಳಿಸಲೇ ಇಲ್ಲ.